ಕರಿಬೇವಿನ ಪಾಲು

ಎದುರು ಮನೆಯ ಅಜ್ಜಿ ಅವತ್ತು ಬೆಳಿಗ್ಗೆ ಕೈಯಲ್ಲಿ ಬರೀ ಕಡ್ಡಿ ಹಿಡಿದುಕೊಂಡು ಬಂದರು. ಎಲೆಗಳೆಲ್ಲ ಮಾಯವಾಗಿ ನಡುವಿನ ದಂಟಷ್ಟೇ ಉಳಿದಿದ್ದ ಕರಿಬೇವಿನ ಕಡ್ಡಿ. "ಇದನ್ನ ಸಾರಿಗೆ ಅಂತ ನೆಟ್ಟಿದ್ದೋ, ಚಿಟ್ಟೆಗೆ ಅಂತ ನೆಟ್ಟಿದ್ದೋ? ಒಂದು ಹೇಳಿಬಿಡಪ್ಪ. ಸಾರಿಗಾದರೆ ಹುಳ ಕಿತ್ತು ಹಾಕ್ತೀನಿ. ಚಿಟ್ಟೆಗಾದರೆ ನಾನು ಮಾರ್ಕೆಟ್ಟಿಂದ ತರ್ತೀನಿ" ಎಂದರು. ಕೋಪವೇನೂ ಇರಲಿಲ್ಲ. ಅವರಿಗೆ ಲೆಕ್ಕ ತಿಳಿಯಬೇಕಿತ್ತು, ಅಷ್ಟೆ.

ಏನು ಹೇಳುವುದೆಂದು ನನಗೆ ತೋಚಲಿಲ್ಲ. ಮೈಸೂರಿನ ನಮ್ಮ ಬಡಾವಣೆಯ ಉದ್ಯಾನದ ಹಿಂಬದಿಯಲ್ಲಿ ಒಂದು ಮೂವತ್ತು-ನಲವತ್ತರ ಸೈಟಿನಷ್ಟು ಜಾಗ ವರ್ಷಗಟ್ಟಲೆ ಹಾಳು ಬಿದ್ದಿತ್ತು. ಒಡೆದ ಇಟ್ಟಿಗೆ, ಪ್ಲಾಸ್ಟಿಕ್ ಚೀಲ, ಆಳೆತ್ತರದ ಪಾರ್ಥೇನಿಯಂ. ಎಂಟು ಮನೆಯವರು ಸೇರಿ ಅನುಮತಿ ಪಡೆದು ಅದನ್ನು ಹಸನು ಮಾಡಿದೆವು. ವಿಷ ಹೊಡೆಯಬಾರದು, ಎಲೆ ಸುಡಬಾರದು, ಬೆಳೆದದ್ದನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬ ಮೂರು ನಿಯಮ ಮಾಡಿಕೊಂಡೆವು. ಚಿಟ್ಟೆ, ಹಕ್ಕಿ, ಜೇನುಗಳಿಗೆ ಸ್ವಾಗತ ಎಂದು ಮಕ್ಕಳ ಕೈಯಲ್ಲಿ ಬಣ್ಣದ ಬೋರ್ಡು ಬರೆಸಿ ಗೇಟಿಗೆ ತೂಗುಹಾಕಿದೆವು. ಬೋರ್ಡು ಬರೆಸುವಾಗ ಎಲ್ಲರಿಗೂ ಖುಷಿಯಿತ್ತು. ಸ್ವಾಗತ ಎಂಬ ಮಾತಿನಲ್ಲಿ ಖರ್ಚೂ ಇದೆ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಕರಿಬೇವು, ನಿಂಬೆ, ಹೇರಳೆ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಕಾಮನ್ ಮಾರ್ಮನ್ ಎಂದು ಕರೆಯುವ ಕಪ್ಪು ಚಿಟ್ಟೆಯೂ ಹಳದಿ-ಕಪ್ಪಿನ ನಿಂಬೆ ಚಿಟ್ಟೆಯೂ ಇವುಗಳ ಎಳೆ ಚಿಗುರಿನ ಮೇಲೆಯೇ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬರುವ ಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ತಿನ್ನಬೇಕೆಂದು ಬಂದ ಹಕ್ಕಿಯೂ ಹಿಕ್ಕೆ ಎಂದುಕೊಂಡು ಬಿಟ್ಟುಹೋಗಲಿ ಎಂಬ ಉಪಾಯ. ಆಮೇಲೆ ಪೊರೆ ಬಿಟ್ಟು ಎಲೆಯದೇ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲಿನಂಥದ್ದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಇಷ್ಟೆಲ್ಲ ಮಾಡುತ್ತ ಹಗಲೂ ರಾತ್ರಿ ತಿನ್ನುತ್ತದೆ. ನಮ್ಮದು ಮೊಣಕಾಲೆತ್ತರದ ಗಿಡ. ಅದನ್ನು ಬೋಳು ಮಾಡಲು ಏಳೆಂಟು ಹುಳು ಸಾಕಾಯಿತು.

ಚಿಟ್ಟೆ ಹೂವಿಗೆ ಬರುತ್ತದೆ ಎಂಬುದು ನಮಗೆ ಗೊತ್ತಿತ್ತು. ಅದಕ್ಕೆಂದೇ ಕೇಪಳ, ದಾಸವಾಳ ನೆಟ್ಟಿದ್ದೆವು. ಆದರೆ ಹೂವಿಗೆ ಬರುವುದು ಅದರ ಬದುಕಿನ ಕೊನೆಯ ಘಟ್ಟ. ಅದಕ್ಕೆ ಮುಂಚೆ ಅದು ಯಾವುದೋ ಒಂದು ಗಿಡದ ಎಲೆ ತಿಂದು ಬೆಳೆದಿರಬೇಕು. ಸಿಕ್ಕಿದ ಎಲೆಯಲ್ಲ, ಅದರದೇ ಎಲೆ. ನಾವು ಕಳೆಯೆಂದು ಕೀಳುವ ಎಕ್ಕದ ಗಿಡ ಪ್ಲೇನ್ ಟೈಗರ್ ಚಿಟ್ಟೆಯ ತೊಟ್ಟಿಲು. ಮಾವಿನ ಕೊಂಬೆಗೆ ಅಂಟಿಕೊಂಡು ಅದರ ರಸ ಹೀರುವ ಬದನಿಕೆಯನ್ನು ಕಂಡಲ್ಲೆಲ್ಲ ಕಡಿಯುತ್ತೇವೆ. ಹಳದಿ, ಕೆಂಪು ಬಳಿದುಕೊಂಡ ಜೆಜೆಬೆಲ್ ಚಿಟ್ಟೆ ಬೆಳೆಯುವುದು ಆ ಬದನಿಕೆಯ ಎಲೆ ತಿಂದೇ. ಕರ್ನಾಟಕ ತನ್ನ ರಾಜ್ಯ ಚಿಟ್ಟೆಯೆಂದು ಆರಿಸಿಕೊಂಡಿರುವ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಬಳ್ಳಿ ಮತ್ತು ಅದರ ಹತ್ತಿರದ ನೆಂಟ ಗಿಡಗಳೇ ಬೇಕು. ಹೂವನ್ನಷ್ಟೇ ಇಟ್ಟುಕೊಂಡ ತೋಟ ದಾರಿಹೋಕರಿಗೆ ಕಾಫಿ ಕೊಡುವ ಹೋಟೆಲಿನಂತೆ. ಎಲೆ ಬಿಟ್ಟುಕೊಟ್ಟ ತೋಟವಷ್ಟೇ ಬಾಣಂತಿಮನೆಯಾಗುತ್ತದೆ.

ಹಾಗಾಗಿ ಅಜ್ಜಿಯ ಪ್ರಶ್ನೆ ಅಡುಗೆಮನೆಯದ್ದಾದರೂ ಅಲ್ಲಿಗೇ ಮುಗಿಯುವುದಿಲ್ಲ. ಚಿಟ್ಟೆ ಬೇಕು, ಹುಳು ಬೇಡ ಎಂದು ಹೇಳುವ ಹಕ್ಕು ನಮಗಿದೆಯೇ? ಅದನ್ನೇ ಮುಂದುವರಿಸಿದರೆ, ಇತರ ಜೀವಿಗಳಿಗಾಗಿ ತೋಟ ಮಾಡುತ್ತೇವೆ ಎಂದು ಹೊರಟವರು ಯಾವ ಜೀವಿ ಬರಬೇಕು, ಯಾವುದು ಬರಬಾರದು ಎಂದು ಆರಿಸಲು ಕೂತರೆ, ಆ ತೋಟ ನಿಜಕ್ಕೂ ಯಾರದ್ದು?

ಕಣ್ಣಿಗೆ ಹಿತವಾದದ್ದನ್ನು ಆರಿಸುವುದು ನಮ್ಮ ಹಳೆಯ ಚಾಳಿ. ಲಂಟಾನ ಈ ನೆಲಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಕಲ್ಕತ್ತೆಗೆ, ಅಲಂಕಾರದ ಗಿಡವಾಗಿ. ಬಣ್ಣ ಬಣ್ಣದ ಹೂ ಚಂದ ಎಂದು ತಂದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಇವತ್ತು ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಅದು ಹುಲ್ಲನ್ನು, ಕಾಡುಮರಗಳ ಸಸಿಗಳನ್ನು ಮೇಲೇಳಗೊಡದೆ ಹಬ್ಬಿ ಕೂತಿದೆ. ತಮಾಷೆಯೆಂದರೆ ಚಿಟ್ಟೆಗಳಿಗೆ ಲಂಟಾನದ ಹೂವೆಂದರೆ ಪ್ರಾಣ. ಅದರ ಪೊದೆಯ ಮುಂದೆ ನಿಂತವರಿಗೆ ಚಿಟ್ಟೆಗಳ ಸಂತೆ ಕಾಣುತ್ತದೆ. ಆ ಪೊದೆಯ ಕೆಳಗೆ ಬೆಳೆಯದೇ ಹೋದ ಗಿಡಗಳು ಮತ್ತು ಅವುಗಳ ಎಲೆಯಿಲ್ಲದೆ ಹುಟ್ಟದೇ ಹೋದ ಚಿಟ್ಟೆಗಳು ಕಾಣುವುದಿಲ್ಲ.

ಕಾನೂನಿಗೂ ಇಂಥ ಕಣ್ಣಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಪೀಡೆಯ ಪ್ರಾಣಿಗಳ ಪಟ್ಟಿಯೊಂದಿತ್ತು. ಕಾಗೆ, ಇಲಿ, ಸುಂಡಿಲಿಗಳ ಜೊತೆಗೆ ಹಣ್ಣು ತಿನ್ನುವ ಬಾವಲಿಗಳೂ ಅದರಲ್ಲಿದ್ದವು. ರಾತ್ರಿ ಹಿಪ್ಪೆಯ, ಬೂರುಗದ ಹೂವಿಗೆ ಹೋಗಿ ಪರಾಗ ಹೊತ್ತು ತರುವ, ಹಣ್ಣು ತಿಂದು ಬೀಜವನ್ನು ದೂರದೂರ ಉದುರಿಸುವ ಬಾವಲಿಯನ್ನು ರಕ್ಷಿಸುವ ಮಾತು ಹಾಗಿರಲಿ, ಕೊಂದರೂ ಕೇಳುವವರಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿ ಹೋಯಿತು. ಆದರೆ ಯಾವುದಾದರೂ ಪ್ರಾಣಿಯನ್ನು ಪೀಡೆ ಎಂದು ಘೋಷಿಸುವ ಅಧಿಕಾರ ಈಗಲೂ ಸರ್ಕಾರದ ಬಳಿಯಿದೆ. ಪಟ್ಟಿ ಅಳಿಸುವುದು ಸುಲಭ, ಪಟ್ಟಿ ಮಾಡುವ ಮನಸ್ಸನ್ನು ಅಳಿಸುವುದು ಕಷ್ಟ. ನಮ್ಮ ಗೇಟಿನ ಬೋರ್ಡೂ ಒಂದು ಪಟ್ಟಿಯೇ ಆಗಿತ್ತಲ್ಲ.

ಅಜ್ಜಿಯ ಸಮಸ್ಯೆಗೆ ಅಜ್ಜಿಯೇ ದಾರಿ ಕಂಡುಕೊಂಡರು. ಬೇಲಿಯ ಹತ್ತಿರ ಇನ್ನೆರಡು ಕರಿಬೇವಿನ ಸಸಿ ನೆಡಿಸಿ, ಮುಂದಿನ ಗಿಡದಲ್ಲಿ ಹುಳು ಕಂಡಾಗ ಎಲೆಸಮೇತ ಕಿತ್ತು ಹಿಂದಿನ ಗಿಡಕ್ಕೆ ಬಿಟ್ಟುಬರುತ್ತಿದ್ದರು. "ಅವಕ್ಕೂ ಒಂದು ಗಿಡ ಅಂತ ಇರಲಿ" ಎಂದರು. ಒಂದು ವಾರ ಬಿಟ್ಟು ನೋಡಿದರೆ ಆ ಹುಳುಗಳಲ್ಲಿ ಅರ್ಧ ಇರಲೇ ಇಲ್ಲ. ಹೂವಿನ ಮಕರಂದ ಕುಡಿಯುವ ಪುಟ್ಟ ಸೂರಕ್ಕಿಯೂ ಮರಿಗಳಿಗೆ ಮಾತ್ರ ಹುಳು-ಜೇಡಗಳನ್ನೇ ಉಣಿಸುತ್ತದೆ. ಅಂದರೆ ಹುಳುವಿಗೆ ಕೊಟ್ಟ ಎಲೆ ಹಕ್ಕಿಗೂ ಸಂದಿತ್ತು. ಇಷ್ಟರಮಟ್ಟಿಗೆ ಎಲ್ಲ ಚೆನ್ನಾಗಿಯೇ ಇತ್ತು. ಕೊಟ್ಟದ್ದು ನಾಲ್ಕು ಎಸಳು ಕರಿಬೇವು, ಪಡೆದದ್ದು ದೊಡ್ಡ ಮನಸ್ಸಿನವರೆಂಬ ಹೆಮ್ಮೆ.

ಎಲೆಯ ತೊಟ್ಟಿಯ ವಿಚಾರ ಬಂದಾಗ ಲೆಕ್ಕ ಇಷ್ಟು ಸಲೀಸಾಗಿ ಮುಗಿಯಲಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ಬೀದಿಯ ಹೊಂಗೆಮರಗಳು ಎಲೆ ಉದುರಿಸುತ್ತವೆ. ಮೊದಲೆಲ್ಲ ಅದನ್ನು ಗುಡಿಸಿ ಗುಡ್ಡೆ ಮಾಡಿ ಬೆಂಕಿ ಹಾಕುತ್ತಿದ್ದರು. ಬೀದಿಯಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಆದರೂ ಹೊಗೆ ನಿಂತಿರಲಿಲ್ಲ. ನಾವು ಕಂಬಿಜಾಲರಿಯಿಂದ ದೊಡ್ಡದೊಂದು ತೊಟ್ಟಿ ಮಾಡಿ ಇಡೀ ಬೀದಿಯ ಎಲೆ ತುಂಬಿಸಿದೆವು. ಮಳೆಗಾಲ ಕಳೆಯುವಷ್ಟರಲ್ಲಿ ತಳದ ಎಲೆ ಕರಗಿ ಕಪ್ಪು ಮಣ್ಣಾಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಮೊದಲ ಮಳೆಯ ವಾಸನೆ.

ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು ಬರೆದದ್ದು ಎರೆಹುಳುಗಳ ಮೇಲೆ, 1881ರಲ್ಲಿ. ಇಂಗ್ಲೆಂಡಿನ ಅನೇಕ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಅವುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆಂದು ಅವನು ಲೆಕ್ಕ ಹಾಕಿದ್ದ. ನಮ್ಮ ತುಂಡು ಭೂಮಿಯಲ್ಲಿ ನಾವು ಯಾರೂ ಎರೆಹುಳು ತಂದು ಬಿಡಲಿಲ್ಲ. ಎಲೆ ಹೊದಿಸಿದೆವು, ಅವೇ ಬಂದವು. ಮುಂಚೆ ಮಳೆ ಬಿದ್ದರೆ ಗಟ್ಟಿ ನೆಲದ ಮೇಲೆ ಜಾರಿ ಸೀದಾ ಚರಂಡಿಗೆ ಹೋಗುತ್ತಿದ್ದ ನೀರು ಈಗ ಅಲ್ಲೇ ಇಂಗುತ್ತದೆ.

ಇದರಿಂದ ಹವಾಮಾನ ಬದಲಾವಣೆ ನಿಲ್ಲುತ್ತದೆಯೇ ಎಂದು ಮೂಲೆಮನೆಯ ಮೇಷ್ಟ್ರು ಕೇಳಿದರು. ನಿಲ್ಲುವುದಿಲ್ಲ. ಪ್ರಪಂಚದ ಮಣ್ಣಿನಲ್ಲಿರುವ ಇಂಗಾಲ ಗಾಳಿಯಲ್ಲಿರುವುದನ್ನೂ ಗಿಡಮರಗಳಲ್ಲಿರುವುದನ್ನೂ ಕೂಡಿದರೆ ಅದಕ್ಕಿಂತ ಹೆಚ್ಚು ಎಂಬುದು ನಿಜ. ಆದರೆ ಕೊಳೆಯುವ ಎಲೆಯ ಇಂಗಾಲದ ಬಹುಪಾಲು ಮತ್ತೆ ಗಾಳಿಗೇ ಹೋಗುತ್ತದೆ. ಮಣ್ಣಿನಲ್ಲಿ ಉಳಿಯುವುದು ಒಂದು ಅಂಶ. ನಮ್ಮ ಒಂದು ತೊಟ್ಟಿಯ ಲೆಕ್ಕ ಬೀದಿಯ ಕೊನೆಯಲ್ಲಿ ನಿಂತ ಒಂದು ಕಾರಿನ ಲೆಕ್ಕಕ್ಕೂ ಸಾಟಿಯಾಗದು. ಈ ಮಾತನ್ನು ಮುಚ್ಚಿಟ್ಟು, ಭೂಮಿಯನ್ನು ಉಳಿಸುತ್ತಿದ್ದೇವೆ ಎಂದು ಬೀಗಿದರೆ ಅದು ಸುಳ್ಳು. ಹಾಗಾದರೆ ಯಾಕೆ ಮಾಡಬೇಕು? ಮೇಷ್ಟ್ರ ಆ ಪ್ರಶ್ನೆಗೆ ಉತ್ತರ ಕಾಣುವ ಮೊದಲು ತೊಟ್ಟಿಯ ಬಳಿ ನಡೆದದ್ದನ್ನು ಹೇಳಬೇಕು.

ಎಲೆಯ ಬೆಚ್ಚಗಿನ ಗುಡ್ಡೆಗೆ ಇಲಿಗಳು ಬಂದವು. ಇಲಿಗಳ ಹಿಂದೆ ಕೇರೆಹಾವು ಬಂತು. ಒಂದು ಮಧ್ಯಾಹ್ನ ಉದ್ಯಾನದ ಮಾಲಿ ಗೊಬ್ಬರ ತೆಗೆಯಲೆಂದು ಎಲೆಯೊಳಗೆ ಬರಿಗೈ ಹಾಕಿದಾಗ ಅದು ಕೈಯ ಪಕ್ಕದಲ್ಲೇ ಸರಸರನೆ ಹೊರಬಿತ್ತು. ಆತ ಕೂಗಿಕೊಂಡರು. ನಾಲ್ಕು ಜನ ಸೇರಿದರು. ಆರಡಿ ಉದ್ದದ, ವಿಷವಿಲ್ಲದ, ಯಾರಿಗೂ ಏನೂ ಮಾಡದ ಹಾವನ್ನು ಮಾಲಿಯೇ ಗುದ್ದಲಿಯಿಂದ ಹೊಡೆದು ಕೊಂದರು. ನಾನು ಸಂಜೆ ಹೋದಾಗ ಅದರ ದೇಹ ನಮ್ಮ ಬಣ್ಣದ ಬೋರ್ಡಿನ ಕೆಳಗೇ ಬಿದ್ದಿತ್ತು.

ನನಗೆ ಸಿಟ್ಟು ಬಂತು. ಕೇರೆಹಾವು ರೈತನ ಗೆಳೆಯ, ಕಾನೂನಿನ ರಕ್ಷಣೆಯಿರುವ ಪ್ರಾಣಿ, ಅದನ್ನು ಕೊಲ್ಲುವುದು ತಪ್ಪು ಎಂದೆಲ್ಲ ಹೇಳಿದೆ. ಮಾಲಿ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಎಲೆ ಕೆಳಗೆ ಕೈ ಹಾಕೋನು ನಾನಲ್ವಾ ಸಾರ್. ನೀವು ಬೋರ್ಡಲ್ಲಿ ಚಿಟ್ಟೆ ಬರ್ದಿದ್ರಿ. ಹಾವು ಬರ್ದಿರ್ಲಿಲ್ಲ."

ಆತ ನಂಜನಗೂಡಿನ ಕಡೆಯ ಹಳ್ಳಿಯವರು. ಹದಿನೈದು ವರ್ಷದ ತಮ್ಮ ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಆಸ್ಪತ್ರೆ ಮುಟ್ಟುವ ಮುಂಚೆ ತೀರಿಕೊಂಡಿದ್ದ ಎಂಬುದು ನನಗೆ ಗೊತ್ತಾದದ್ದು ಆಮೇಲೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆಂದು ಒಂದು ಅಧ್ಯಯನದ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗಾಡಿನವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಎಲೆಯ ಗುಡ್ಡೆಯಲ್ಲಿ ಕೇರೆಯೂ ಇರಬಹುದು, ಒಣ ಎಲೆಯ ಬಣ್ಣಕ್ಕೆ ಬೆರೆತು ಕದಲದೆ ಮಲಗುವ ಕೊಳಕುಮಂಡಲವೂ ಇರಬಹುದು. ಯಾವುದೆಂದು ನೋಡುವ ಅವಕಾಶ ಬರಿಗೈಗೆ ಇರುವುದಿಲ್ಲ. ಕಲ್ಲಿನ ನಾಗರಕ್ಕೊಂದು, ಜೀವಂತ ನಾಗರಕ್ಕೊಂದು ಎಂಬ ನಮ್ಮ ನಡತೆಯನ್ನು ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಚುಚ್ಚಿ ಕೇಳಿದ್ದು ನಮಗೆಲ್ಲ ಗೊತ್ತು. ಆ ಪ್ರಶ್ನೆಯನ್ನು ಮಾಲಿಯ ಮುಂದಿಟ್ಟು ನಾನು ಗೆಲ್ಲಬಹುದಿತ್ತು. ಆದರೆ ಜೀವಂತ ಹಾವಿನ ಹತ್ತಿರ ಇದ್ದವರು ಅವರು. ನನ್ನ ಹಾವು ಪುಸ್ತಕದ್ದು, ಅದೂ ಒಂದು ಬಗೆಯ ಕಲ್ಲಿನ ನಾಗರವೇ.

ಅವತ್ತಿನಿಂದ ಪಾಲು ಎಂಬ ಪದ ನನ್ನ ತಲೆಯಲ್ಲಿ ಸುತ್ತುತ್ತಿದೆ. ಹಿಂದೆ ಹಳ್ಳಿಗಳಲ್ಲಿ ಕಣದಲ್ಲಿ ರಾಶಿಯಾದ ಮೇಲೆ ಧಾನ್ಯ ಮನೆಗೆ ಹೋಗುವ ಮುಂಚೆಯೇ ಆಯಗಾರರ ಪಾಲನ್ನು ಅಳೆದುಕೊಡುತ್ತಿದ್ದರು. ಕಮ್ಮಾರ, ಬಡಗಿ, ಅಗಸ, ಕುಂಬಾರ ಇವರೆಲ್ಲರಿಗೂ ರಾಶಿಯಲ್ಲಿ ಆಯವಿತ್ತು. ಉಂಡು ಉಳಿದದ್ದನ್ನು ಕೊಡುವುದು ದಾನ. ಉಣ್ಣುವ ಮೊದಲು ತೆಗೆದಿಡುವುದು ಪಾಲು. ದಾನ ಕೊಟ್ಟವನಿಗೆ ಹೆಸರು ಬರುತ್ತದೆ, ಪಾಲು ಕೊಟ್ಟವನಿಗೆ ಏನೂ ಬರುವುದಿಲ್ಲ, ಯಾಕೆಂದರೆ ಅದು ಮೊದಲಿಂದಲೂ ಅವನದ್ದಾಗಿರಲಿಲ್ಲ. ಅಜ್ಜಿ ಹುಳುಗಳಿಗೆ ಬೇರೆ ಗಿಡ ನೆಡಿಸಿದಾಗ ಮಾಡಿದ್ದು ಇದನ್ನೇ. ಇತರ ಜೀವಿಗಳಿಗಾಗಿ ತೋಟ ಮಾಡುವುದೆಂದರೆ ಅವುಗಳ ಮೇಲೆ ಕರುಣೆ ತೋರುವುದು ಎಂದು ನಾನು ತಿಳಿದಿದ್ದೆ. ಸೈಟು ಮಾಡಿ ಮಾರುವ ಮುಂಚೆ ಈ ನೆಲದಲ್ಲಿ ಕೇರೆಯೂ ಕಪ್ಪೆಯೂ ಎರೆಹುಳುವೂ ಇದ್ದವು. ನಾವು ಮಾಡುತ್ತಿರುವುದು ತಡವಾದ ಬಾಕಿ ತೀರುವಳಿ.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಗುಂಡುತೋಪುಗಳಿದ್ದವು. ಮಾವು, ನೇರಳೆ, ಹುಣಸೆ, ಹಿಪ್ಪೆ ಮರಗಳ, ಯಾರೊಬ್ಬರದ್ದೂ ಅಲ್ಲದ ತೋಪು. ದಾರಿಹೋಕರಿಗೆ ನೆರಳು, ದನಕ್ಕೆ ವಿಶ್ರಾಂತಿ, ಮಕ್ಕಳಿಗೆ ಹಣ್ಣು, ಬಾವಲಿಗಳಿಗೆ ರಾತ್ರಿಯ ಊಟ. ಊರು ನಗರವಾದಲ್ಲೆಲ್ಲ ಅವು ಬಸ್ ನಿಲ್ದಾಣ, ಶಾಲೆ, ಕಚೇರಿ, ಬಡಾವಣೆಗಳಾದವು. ಹಾಳು ಮೂಲೆಯಲ್ಲಿ ಎಂಟು ಮನೆಯವರು ಮಾಡಿದ ತೋಟ ಅದರ ಒಂದು ಚೂರು ನೆನಪು ಎಂದು ಹೇಳಿಕೊಳ್ಳಬಹುದು.

ಆದರೆ ಈ ಹೋಲಿಕೆಯನ್ನು ಪೂರ್ತಿ ಸಿಹಿ ಮಾಡಬಾರದು. ಆಯ ಅಳೆಯುವ ಕೊಳಗ ಯಾರ ಕೈಯಲ್ಲಿತ್ತು, ಯಾರು ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಲ್ಲಬೇಕಿತ್ತು ಎಂಬುದೂ ಆ ಪದ್ಧತಿಯ ಒಳಗೇ ಇದೆ. ಪಾಲು ಎಂದು ಕರೆದ ಮಾತ್ರಕ್ಕೆ ಅದು ನ್ಯಾಯದ ಪಾಲಾಗುವುದಿಲ್ಲ. ನಮ್ಮ ತೋಟದಲ್ಲಿ ನಡೆದದ್ದೂ ಅದೇ. ಹಾವಿಗೆ ಜಾಗ ಕೊಟ್ಟ ಹೆಗ್ಗಳಿಕೆ ಎಂಟು ಮನೆಯವರದು. ಹಾವಿನ ಭಯ ಎಲೆಯೊಳಗೆ ಕೈಹಾಕುವ ಒಬ್ಬರದು. ಅವರನ್ನು ನಾವು ಯಾವ ಸಭೆಗೂ ಕರೆದಿರಲಿಲ್ಲ. ಬೋರ್ಡು ಬರೆಯುವಾಗ ಅವರ ಮಾತು ಕೇಳಿರಲಿಲ್ಲ. ನಾನು ಉದಾರವಾಗಿ ಬಿಟ್ಟುಕೊಟ್ಟದ್ದು ನನ್ನದನ್ನಲ್ಲ, ಅವರ ನೆಮ್ಮದಿಯನ್ನು. ಕಾಡಿನಂಚಿನ ರೈತನಿಗೆ ಆನೆಯನ್ನು ಸಹಿಸಿಕೊಳ್ಳಿ ಎಂದು ಪೇಟೆಯಲ್ಲಿ ಕೂತು ಬರೆಯುವ ನಮ್ಮಂಥವರ ತಪ್ಪಿನ ಸಣ್ಣ ರೂಪ ಇದು. ಇನ್ನೊಬ್ಬರ ಪಾಲನ್ನು ಕೊಟ್ಟು ಪುಣ್ಯ ಗಳಿಸಲು ಬರುವುದಿಲ್ಲ.

ಆ ಭಾನುವಾರ ಎಂಟು ಮನೆಯವರೂ ಸೇರಿದೆವು. ಈ ಸಲ ಮಾಲಿಯೂ ಇದ್ದರು. ತೊಟ್ಟಿಯನ್ನೇ ಕಿತ್ತುಹಾಕಿ, ಎಲೆಯನ್ನು ಕಸದ ಗಾಡಿಗೆ ಕೊಡೋಣ ಎಂದರು ಕೆಲವರು. ಚಿಕ್ಕ ಮಕ್ಕಳಿರುವ ಮನೆಯವರ ಮಾತು ಅದು, ತೆಗೆದುಹಾಕುವಂಥದ್ದಲ್ಲ. ಏನೂ ಮುಟ್ಟಬಾರದು, ಪ್ರಕೃತಿ ಅದರ ಪಾಡಿಗೆ ಅದಿರಲಿ ಎಂದರು ಇನ್ನು ಕೆಲವರು. ಮಾಲಿಯನ್ನು ಕೇಳಿದೆವು. ಅವರು ತೊಟ್ಟಿ ತೆಗೆಯಿರಿ ಎನ್ನಲಿಲ್ಲ. "ಮಕ್ಕಳು ಆಡೋ ಕಡೆಯಿಂದ ದೂರ ಇಡಿ. ಉದ್ದನೆ ಹಿಡಿಯ ಕವೆಗೋಲು ಕೊಡಿಸಿ, ಬೂಟು ಕೊಡಿಸಿ. ಮತ್ತೆ ನಾನೊಬ್ಬನೇ ಯಾಕೆ ತೆಗೀಬೇಕು?" ಎಂದರು. ಕೊನೆಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ.

ಹೀಗಾಗಿ ತೊಟ್ಟಿ ಹಿಂದಿನ ಗೋಡೆಯ ಹತ್ತಿರ ಹೋಯಿತು. ಅದರ ಸುತ್ತ ಮೂರಡಿ ಜಾಗವನ್ನು ಹುಲ್ಲಿಲ್ಲದೆ ಬಯಲಾಗಿ ಇಟ್ಟೆವು, ಏನೇ ಹರಿದರೂ ಕಾಣುವಂತೆ. ಅಡುಗೆಮನೆಯ ಅನ್ನ, ಮುಸುರೆಯನ್ನು ಅದಕ್ಕೆ ಹಾಕುವುದನ್ನು ನಿಲ್ಲಿಸಿದೆವು, ಇಲಿಗಳು ಕಡಿಮೆಯಾದವು. ಹಾವು ಹಿಡಿಯುವವರ ಮತ್ತು ಹತ್ತಿರದ ಆಸ್ಪತ್ರೆಯ ನಂಬರನ್ನು ಗೇಟಿಗೆ ಬರೆದೆವು. ಬೋರ್ಡಿನಲ್ಲಿ ಚಿಟ್ಟೆಯ ಪಕ್ಕ ಒಬ್ಬ ಹುಡುಗಿ ಹಸಿರು ಹುಳು, ಎರೆಹುಳು ಮತ್ತು ಒಂದು ಉದ್ದನೆಯ ಹಾವನ್ನು ಬರೆದಳು. ಗೊಬ್ಬರ ತೆಗೆಯುವ ಕೆಲಸಕ್ಕೆ ಮನೆಗೊಂದು ತಿಂಗಳಂತೆ ಸರದಿ ಹಾಕಿಕೊಂಡೆವು.

ಮೇಷ್ಟ್ರ ಪ್ರಶ್ನೆಗೆ ಈಗ ನನ್ನಲ್ಲಿ ಇಷ್ಟು ಉತ್ತರವಿದೆ. ಇಷ್ಟು ಸಣ್ಣ ತೋಟದಿಂದ ಆಕಾಶ ತಣ್ಣಗಾಗುವುದಿಲ್ಲ. ಆದರೆ ಇನ್ನು ಮುಂದಿನ ದಿನಗಳಲ್ಲಿ ನೀರು, ನೆರಳು, ನೆಲ ಎಲ್ಲವನ್ನೂ ಯಾರ ಜೊತೆ, ಎಷ್ಟು ಹಂಚಿಕೊಳ್ಳಬೇಕು ಎಂಬ ಜಗಳ ದೊಡ್ಡದಾಗಿಯೇ ಬರಲಿದೆ. ಆ ಜಗಳದಲ್ಲಿ ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಎಂದಾಗದ ಹಾಗೆ ಹಂಚುವುದನ್ನು ಎಲ್ಲಾದರೂ ಕಲಿಯಬೇಕು. ಮೂವತ್ತು-ನಲವತ್ತರ ಜಾಗದಲ್ಲಿ ಅದನ್ನು ಕಲಿಯಲಾಗದವರು ಊರಿನ ಮಟ್ಟದಲ್ಲಿ ಕಲಿಯುತ್ತೇವೆ ಎನ್ನುವುದನ್ನು ನಾನು ನಂಬಲಾರೆ. ಹಂಚಿಕೊಂಡು ಮಾಡುವ ತೋಟದ ಅರ್ಥ ಟೊಮೆಟೊ ಹಂಚಿಕೊಳ್ಳುವುದರಲ್ಲಿ ಮುಗಿಯುವುದಿಲ್ಲ, ಭಯವನ್ನೂ ಹಂಚಿಕೊಳ್ಳಬೇಕಾಗುತ್ತದೆ.

ಕಾರ್ತಿಕದಲ್ಲಿ ನಮ್ಮ ಮನೆಯ ಸರದಿ ಬಂತು. ಬೂಟು ಹಾಕಿಕೊಂಡು, ಕೋಲಿನಿಂದ ತೊಟ್ಟಿಯನ್ನು ನಾಲ್ಕು ಸಲ ಬಡಿದು, ಮಾಲಿ ಹೇಳಿಕೊಟ್ಟಂತೆ ಸ್ವಲ್ಪ ಹೊತ್ತು ಕಾದೆ. ಕವೆಗೋಲಿನಿಂದ ಮೇಲಿನ ಎಲೆ ಸರಿಸಿದೆ. ಒಳಗೆಲ್ಲೋ ಏನೋ ಸರಿದ ಸದ್ದಾಯಿತು. ಓತಿಯೋ, ಇಲಿಯೋ, ಹಾವೋ ತಿಳಿಯಲಿಲ್ಲ. ಎದೆ ಡವಗುಟ್ಟಿತು, ಅಂಗೈ ಬೆವತಿತು. ಮಾಲಿ ಪಕ್ಕದ ಪಾತಿಯಲ್ಲಿ ಕೂತು ಕಳೆ ತೆಗೆಯುತ್ತ ಒಮ್ಮೆ ತಲೆಯೆತ್ತಿ ನೋಡಿದರು. "ನಿಧಾನಕ್ಕೆ ಸಾರ್. ಅದು ಹೋಗ್ತದೆ, ಬಿಡಿ" ಎಂದರು.

ಹೋಗಲೆಂದು ಕಾಯುತ್ತ ನಿಂತೆ.